ಗರ ಬಡಿದ ಗಣಕಯಂತ್ರ

ತೆರೆಯ ಮೇಲಿನ ಬಾಣ ಇದ್ದಲ್ಲಿಯೇ ನಿಂತುಬಿಡುತ್ತದೆ. ಕೀಲಿಮಣೆಯ ಯಾವ ಗುಂಡಿಯನ್ನು ಒತ್ತಿದರೂ ಉತ್ತರವಿಲ್ಲ. ಹಾಡು ಕೇಳುತ್ತಿದ್ದರೆ, ಗೀರು ಬಿದ್ದ ತಟ್ಟೆಯಂತೆ ಒಂದೇ ಸ್ವರ ಮತ್ತೆ ಮತ್ತೆ ಕಿರುಗುಟ್ಟುತ್ತದೆ. ಮಗಳು ಎರಡು ಗಂಟೆ ಕುಳಿತು ಬರೆದ ಪ್ರಬಂಧ ಕಣ್ಣೆದುರಿಗೇ ಇದೆ. ಅದನ್ನು ಉಳಿಸಿಕೊಳ್ಳುವ ಬಗೆ ಮಾತ್ರ ಕಾಣದು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ಈ ಸಂಕಟವನ್ನು ಅನುಭವಿಸದವರು ವಿರಳ.

ಇಂಥ ಸಮಯದಲ್ಲಿ ನಮಗೆ ಮೊದಲು ತೋಚುವುದು ‘ವೈರಸ್ ಇರಬೇಕು’ ಎಂಬ ಶಂಕೆ. ಅನಂತರ ‘ಹೊಸದನ್ನೇ ಕೊಳ್ಳೋಣ’ ಎಂಬ ನಿರ್ಧಾರ. ಎರಡೂ ಆತುರದ ತೀರ್ಮಾನಗಳು. ಎಷ್ಟೋ ಸಲ ಯಂತ್ರದ ಯಾವ ಭಾಗವೂ ಕೆಟ್ಟಿರುವುದಿಲ್ಲ. ಭಾಗಗಳ ನಡುವಣ ಹೊಂದಾಣಿಕೆ ಕೆಟ್ಟಿರುತ್ತದೆ. ಮನೆಯವರೆಲ್ಲರೂ ಸಜ್ಜನರೇ ಆದರೂ, ಬೆಳಗಿನ ಹೊತ್ತು ಇರುವ ಬಚ್ಚಲುಮನೆ ಒಂದೇ ಆದರೆ ಜಗಳ ತಪ್ಪೀತೆ?

ಕರೆಗಂಟೆಯ ಜಗಳ

ಈ ಕಲಹದ ಮೂಲವನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಗಣಕಯಂತ್ರದ ಮಿದುಳಾದ ಪ್ರೊಸೆಸರ್ ಸದಾ ತನ್ನ ಲೆಕ್ಕಾಚಾರದಲ್ಲಿ ಮಗ್ನವಾಗಿರುತ್ತದೆ. ಕೀಲಿಮಣೆಗೋ ಮೌಸಿಗೋ ಡಿಸ್ಕಿಗೋ ಏನಾದರೂ ಹೇಳುವುದಿದ್ದರೆ ಅದು ಒಂದು ತಂತಿಯ ಮೂಲಕ ಕರೆಗಂಟೆ ಬಾರಿಸುತ್ತದೆ. ಈ ಕರೆಗೆ ‘ಇಂಟರಪ್ಟ್’ ಎಂದು ಹೆಸರು. ಕರೆ ಕೇಳಿದೊಡನೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಬದಿಗಿಟ್ಟು, ಕರೆದವರನ್ನು ವಿಚಾರಿಸಿ, ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ.

1981ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಇಂಥ ತಂತಿಗಳು 8 ಇದ್ದವು. 1984ರ ‘ಎಟಿ’ ಮಾದರಿಯಲ್ಲಿ ಅವು 16 ಆದವು. ಅದರಲ್ಲಿ ಒಂದು ಜೋಡಣೆಗೇ ಮುಡಿಪಾದುದರಿಂದ ಬಳಕೆಗೆ ಉಳಿದದ್ದು 15. ಗಡಿಯಾರ, ಕೀಲಿಮಣೆ, ಫ್ಲಾಪಿ, ಹಾರ್ಡ್ ಡಿಸ್ಕ್ ಇವೆಲ್ಲ ತಮ್ಮ ತಮ್ಮ ಪಾಲನ್ನು ಮೊದಲೇ ಹಿಡಿದಿದ್ದವು. ಹೊಸದಾಗಿ ಬಂದವರಿಗೆ ಜಾಗ ಕಡಿಮೆ.

ಆ ದಿನಗಳ ಪ್ರಸಿದ್ಧ ತಂಟೆಯೊಂದನ್ನು ನೋಡಿರಿ. ‘ಕಾಮ್-1’ ಮತ್ತು ‘ಕಾಮ್-3’ ಎಂಬ ಎರಡು ದ್ವಾರಗಳಿಗೂ ರೂಢಿಯಂತೆ 4ನೆಯ ತಂತಿಯೇ ಗತಿ. ಮೊದಲನೆಯದಕ್ಕೆ ಮೌಸನ್ನು ಜೋಡಿಸಿರುತ್ತಿದ್ದರು. ಹೊಸದಾಗಿ ತಂದ ಮೋಡೆಮ್ ಕಾರ್ಡು ಮೂರನೆಯದನ್ನು ಹಿಡಿಯುತ್ತಿತ್ತು. ಬೇರೆ ಬೇರೆಯಾಗಿ ಎರಡೂ ಚೆನ್ನಾಗಿಯೇ ನಡೆಯುತ್ತಿದ್ದವು. ಆದರೆ ಮೋಡೆಮ್ ಕರೆ ಹೋಗುತ್ತಿರುವಾಗ ಮೌಸನ್ನು ಅಲುಗಿಸಿದರೆ ಮುಗಿಯಿತು, ಯಂತ್ರ ಸ್ತಬ್ಧ! ಗಂಟೆ ಬಾರಿಸಿದವರು ಯಾರೆಂದು ಪ್ರೊಸೆಸರಿಗೆ ತಿಳಿಯುತ್ತಿರಲಿಲ್ಲ. ಇದಕ್ಕೆ ಔಷಧವೆಂದರೆ ಕಾರ್ಡಿನ ಮೇಲಿನ ‘ಜಂಪರ್’ ಎಂಬ ಪುಟ್ಟ ಟೊಪ್ಪಿಗೆಯನ್ನು ಕಿತ್ತು ಪಕ್ಕದ ಮೊಳೆಗಳಿಗೆ ಸಿಕ್ಕಿಸಿ, ಬೇರೊಂದು ತಂತಿಯನ್ನು ಕೊಡುವುದು. ಖರ್ಚು ಒಂದು ಕಾಸೂ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಕಂಪ್ಯೂಟರುಗಳು 1990ರ ದಶಕದಲ್ಲಿ ಎಷ್ಟೋ ಮನೆಗಳಿಗೆ ಬಂದವು. ಖಾಲಿ ತಂತಿಯನ್ನು ಹುಡುಕಿಕೊಡಬಲ್ಲವನೇ ಆಗ ಪಂಡಿತ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಈ ಹಂಚಿಕೆಯನ್ನು ತಾನೇ ಮಾಡುವುದಾಗಿ ಸಾರಿತು. ‘ಜೋಡಿಸಿರಿ, ಬಳಸಿರಿ’ ಎಂಬುದು ಅದರ ಮಂತ್ರ. ‘ಜೋಡಿಸಿರಿ, ದೇವರನ್ನು ಬೇಡಿರಿ’ ಎಂಬುದು ಬಳಸಿದವರ ಕುಚೋದ್ಯ. ಮುಂದೆ ಒಂದೇ ತಂತಿಯನ್ನು ಹಲವು ಭಾಗಗಳು ಹಂಚಿಕೊಳ್ಳಬಲ್ಲ ಪಿಸಿಐ ವ್ಯವಸ್ಥೆ ಬಳಕೆಗೆ ಬಂದಿತು. ಇಂದಿನ ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಂತೂ ಕರೆಗೆಂದು ಪ್ರತ್ಯೇಕ ತಂತಿಯೇ ಬೇಕಿಲ್ಲ. ಗೊತ್ತಾದ ವಿಳಾಸಕ್ಕೆ ಚೀಟಿ ಬರೆದು ಹಾಕಿದಂತೆ ಕರೆ ತಲಪುತ್ತದೆ.

ಇಂದಿನ ಕಲಹಗಳು

ಹಾಗಾದರೆ ಯಂತ್ರ ಈಗಲೂ ಸ್ತಬ್ಧವಾಗುವುದೇಕೆ? ಗಂಟೆಯ ಜಗಳ ಬಹುಮಟ್ಟಿಗೆ ಅಡಗಿದೆ. ಬೇರೆ ಜಗಳಗಳು ಉಳಿದಿವೆ. ವೇಗ ಹೆಚ್ಚಲೆಂದು ಇನ್ನೊಂದು ರ‍್ಯಾಮ್ ಪಟ್ಟಿಯನ್ನು ತಂದು ಹಾಕುತ್ತೇವೆ. ಹಳೆಯದಕ್ಕೂ ಅದಕ್ಕೂ ಗತಿ ಹೊಂದುವುದಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡು ಬೇಡುವಷ್ಟು ವಿದ್ಯುತ್ತನ್ನು ಹಳೆಯ ಎಸ್‌ಎಂಪಿಎಸ್ ಕೊಡಲಾರದು. ವಿಂಡೋಸ್ ಹೊಸದಾದರೂ ಹಳೆಯ ಪ್ರಿಂಟರಿನ ‘ಡ್ರೈವರ್’ ತಂತ್ರಾಂಶ ಹಳೆಯದಾಗಿಯೇ ಉಳಿದಿರುತ್ತದೆ. ಇವುಗಳ ಜೊತೆಗೆ ಫ್ಯಾನಿಗೆ ಮೆತ್ತಿದ ಧೂಳು, ಅದರಿಂದ ಏರುವ ಕಾವು.

ಪತ್ತೆ ಹಚ್ಚುವ ಬಗೆ

ಯಂತ್ರ ನಿಂತೊಡನೆ ಗುಂಡಿ ಅದುಮಿ ಆರಿಸಬೇಡಿರಿ. ಕೆಲವು ನಿಮಿಷ ಕಾಯಿರಿ. ‘ಕ್ಯಾಪ್ಸ್ ಲಾಕ್’ ಒತ್ತಿ ಅದರ ದೀಪವನ್ನು ಗಮನಿಸಿರಿ. ದೀಪ ಹತ್ತಿ ಆರಿದರೆ ಒಳಗೆ ಇನ್ನೂ ಜೀವವಿದೆ ಎಂದು ತಿಳಿಯಬಹುದು. ಪ್ರಬಂಧ ಉಳಿಯುವ ಆಸೆಯೂ ಉಂಟು. ಏನೂ ಫಲಿಸದಿದ್ದರೆ ಮಾತ್ರ ಬಲವಂತದ ಉಪಾಯ.

ಯಂತ್ರ ಮತ್ತೆ ಎದ್ದೊಡನೆ ಮಾಡಬೇಕಾದ ಮೊದಲ ಕೆಲಸ ರಿಪೇರಿಯಲ್ಲ. ಮಕ್ಕಳ ಫೋಟೋಗಳು, ಮನೆಯ ಲೆಕ್ಕಪತ್ರಗಳು, ಎಲ್ಲದರ ಪ್ರತಿಯನ್ನು ಬೇರೆ ಡಿಸ್ಕಿಗೆ ಸಾಗಿಸಿರಿ. ಭಾಗಗಳು ಅಂಗಡಿಯಲ್ಲಿ ದೊರೆಯುತ್ತವೆ; ತೀರಿಹೋದ ಅಜ್ಜಿಯ ಭಾವಚಿತ್ರ ದೊರೆಯದು.

ಅನಂತರ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ತೊಂದರೆ ಮೊದಲಾಗುವ ಮುನ್ನ ಏನು ಬದಲಾಯಿತು? ಹೊಸದಾಗಿ ಸೇರಿದುದನ್ನು ತೆಗೆದು ನೋಡಿರಿ. ಕೀಲಿಮಣೆ, ಮೌಸುಗಳ ಹೊರತು ಯುಎಸ್‌ಬಿಗೆ ಜೋಡಿಸಿದ ಎಲ್ಲವನ್ನೂ ಬಿಡಿಸಿ, ಒಂದೊಂದಾಗಿ ಮರಳಿ ಸೇರಿಸಿರಿ. ವಿಂಡೋಸಿನ ‘ಡಿವೈಸ್ ಮ್ಯಾನೇಜರ್’ ಪಟ್ಟಿಯಲ್ಲಿ ಹಳದಿ ತ್ರಿಕೋನ ಕಂಡರೆ ಅದರ ವಿವರ ಓದಿರಿ. ಅಲ್ಲಿ 12ನೆಯ ಸಂಕೇತ ತೋರಿದರೆ, ಆ ಭಾಗಕ್ಕೆ ಬೇಕಾದ ಸೌಕರ್ಯ ಬಿಡುವಾಗಿಲ್ಲವೆಂದು ಅರ್ಥ. ಹಳೆಯ ಬಚ್ಚಲುಮನೆಯ ಜಗಳವೇ ಇದು.

ಮುಂದಿನ ಪರೀಕ್ಷೆ ‘ಸೇಫ್ ಮೋಡ್’. ಅದರಲ್ಲಿ ಅತ್ಯಗತ್ಯವಾದ ಡ್ರೈವರುಗಳು ಮಾತ್ರ ಎಚ್ಚರವಾಗಿರುತ್ತವೆ. ಅಲ್ಲಿ ಗಂಟೆಗಟ್ಟಲೆ ನಿರಾತಂಕವಾಗಿ ನಡೆದರೆ ಡ್ರೈವರುಗಳನ್ನು ಶಂಕಿಸಬೇಕು; ಅಲ್ಲಿಯೂ ನಿಂತರೆ ರ‍್ಯಾಮ್, ಡಿಸ್ಕ್, ಕಾವು, ಎಸ್‌ಎಂಪಿಎಸ್‌ಗಳನ್ನು ವಿಚಾರಿಸಬೇಕು. ರ‍್ಯಾಮನ್ನು ಪರೀಕ್ಷಿಸಲು ‘ಮೆಮ್‌ಟೆಸ್ಟ್86’ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿರಿ. ಒಂದೇ ಒಂದು ತಪ್ಪು ಬಂದರೂ ಕ್ಷಮೆ ಸಲ್ಲದು. ಪಟ್ಟಿಗಳು ಪ್ರತ್ಯೇಕವಾಗಿ ತೇರ್ಗಡೆಯಾಗಿ, ಜೊತೆಯಲ್ಲಿ ಸೋತರೆ, ದೋಷ ಅವುಗಳ ಹೊಂದಾಣಿಕೆಯದೆಂದು ಶಂಕಿಸಬಹುದು.

ಪೆಟ್ಟಿಗೆಯನ್ನು ತೆರೆಯುವ ಮೊದಲು ಪ್ಲಗ್ ಕಿತ್ತು, ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿರಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮುರಿಯದಿರಿ. ಒಮ್ಮೆಗೇ ಮೂರನ್ನು ಬದಲಾಯಿಸಿ ಯಂತ್ರ ಸರಿಹೋದರೆ, ನಿರಪರಾಧಿಗಳಾದ ಎರಡು ಭಾಗಗಳಿಗೂ ದಂಡ ತೆತ್ತಂತಾಯಿತು. ಯಾವಾಗ ನಿಂತಿತು, ಆಗ ಏನು ಮಾಡುತ್ತಿದ್ದಿರಿ, ಏನನ್ನು ತೆಗೆದಾಗ ನೆಟ್ಟಗಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ದಿನಾಂಕ ಸಹಿತ ಬರೆದಿಡಿರಿ. ಕೊನೆಗೆ ರಿಪೇರಿಯವರ ಬಳಿಗೇ ಹೋಗಬೇಕಾಗಿ ಬಂದರೂ ಆ ಹಾಳೆ ಕೈಯಲ್ಲಿರಲಿ. ‘ಮದರ್‌ಬೋರ್ಡೇ ಹೋಗಿದೆ’ ಎಂಬ ಮಾತಿಗೆ ತಲೆಯಾಡಿಸುವ ಮುನ್ನ, ಅದು ಹೋದದ್ದು ಹೇಗೆ ತಿಳಿಯಿತೆಂದು ಕೇಳುವ ಧೈರ್ಯ ಆಗ ನಿಮಗಿರುತ್ತದೆ.