ಕರೆಂಟ್ ಬಂದ್ರೂ ಬಿಲ್ಲಿಂಗ್ ಬರಲ್ಲ: ಅಂಗಡಿಯ ಲಿನಕ್ಸ್ ಸರ್ವರ್ ತಾನಾಗಿ ಯಾಕೆ ಏಳಲ್ಲ?

ರಾಮನಗರ: ರಾತ್ರಿ ಕರೆಂಟ್ ಹೋಗಿ ಬಂದಿದೆ. ಬೆಳಗ್ಗೆ ಸರ್ವರ್‌ನ ಲೈಟ್ ಉರೀತಿದೆ, ಫ್ಯಾನ್ ತಿರುಗ್ತಿದೆ. ಆದರೆ ಕೌಂಟರ್‌ನಲ್ಲಿ ಬಿಲ್ಲಿಂಗ್ ಮಾತ್ರ ತೆರೆಯಲ್ಲ. ಟೆಕ್ನಿಷಿಯನ್ ಬರುವವರೆಗೂ ಕೈಬರಹದ ಚೀಟಿಯೇ ಗತಿ. ಲೈಸೆನ್ಸ್ ಖರ್ಚಿಲ್ಲ ಎಂದು ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಹಾಕಿಸಿಕೊಂಡ ಅಂಗಡಿಗಳಲ್ಲಿ ಇಂಥ ತೊಂದರೆ ಬಂದರೆ, ಮಷೀನ್ ಕೆಟ್ಟಿದೆ ಎಂದೇ ಅರ್ಥವಲ್ಲ. ಅನೇಕ ಸಲ ಒಂದೆರಡು ಸೆಟ್ಟಿಂಗ್ ಬಿಟ್ಟುಹೋಗಿರುತ್ತದೆ.

ಸಿಸ್ಟಮ್‌ಡಿ ಅಂದ್ರೆ ಏನು?

ಸರ್ವರ್ ಆನ್ ಆದ ಮೇಲೆ ನೆಟ್‌ವರ್ಕ್, ಡೇಟಾಬೇಸ್, ಬಿಲ್ಲಿಂಗ್ ಹೀಗೆ ಒಂದೊಂದನ್ನೂ ಎಬ್ಬಿಸುವ ಮೇಸ್ತ್ರಿಯ ಹೆಸರು ಸಿಸ್ಟಮ್‌ಡಿ. ಹಿಂದೆ ಈ ಕೆಲಸವನ್ನು ಚಿಕ್ಕ ಸ್ಕ್ರಿಪ್ಟ್‌ಗಳು ಒಂದರ ಹಿಂದೆ ಒಂದರಂತೆ ಮಾಡುತ್ತಿದ್ದವು. 2010ರಲ್ಲಿ ಬಂದ ಸಿಸ್ಟಮ್‌ಡಿ ಹಲವು ಕೆಲಸಗಳನ್ನು ಒಟ್ಟಿಗೇ ಶುರು ಮಾಡುತ್ತದೆ. ವೇಗ ಹೆಚ್ಚಿತು, ಜೊತೆಗೆ ಜಗಳವೂ ಬಂತು. 2014ರಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯಲ್ಲಿ ಮತ ಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಇದು ಗೆದ್ದಿತು. ಒಪ್ಪದವರು ಡೆವುವಾನ್ ಎಂಬ ಬೇರೆ ಲಿನಕ್ಸನ್ನೇ ಕಟ್ಟಿಕೊಂಡರು. 2015ರಿಂದ ಉಬುಂಟು ಕೂಡ ಸಿಸ್ಟಮ್‌ಡಿ ದಾರಿಯಲ್ಲೇ ಇದೆ.

'ಸ್ಟಾರ್ಟ್' ಬೇರೆ, 'ಎನೇಬಲ್' ಬೇರೆ

ಜನ ಮೊದಲು ಎಡವೋದು ಇಲ್ಲೇ. 'ಸ್ಟಾರ್ಟ್' ಎಂದರೆ ಈಗ ಶುರು ಮಾಡು ಎಂದಷ್ಟೇ. ಪ್ರತಿ ಸಲ ಮಷೀನ್ ಆನ್ ಆದಾಗಲೂ ಶುರು ಮಾಡು ಎನ್ನಲು 'ಎನೇಬಲ್' ಬೇಕು. ಸ್ಟಾರ್ಟ್ ಮಾತ್ರ ಕೊಟ್ಟು ಹೋದರೆ ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿಯೇ ಓಡುತ್ತದೆ, ಒಮ್ಮೆ ಮಷೀನ್ ಆಫ್ ಆಗುವವರೆಗೆ. ಉಬುಂಟು, ಡೆಬಿಯನ್‌ಗಳಲ್ಲಿ ಡೇಟಾಬೇಸ್‌ನಂಥ ಪ್ಯಾಕೇಜ್‌ಗಳು ಸಾಮಾನ್ಯವಾಗಿ ತಾವೇ ಎನೇಬಲ್ ಆಗುತ್ತವೆ. ಟೆಕ್ನಿಷಿಯನ್ ಕೈಯಾರೆ ಸೇರಿಸಿದ ಬಿಲ್ಲಿಂಗ್ ಆಗಲ್ಲ.

ಒಲೆ ಹಚ್ಚಿದ ಮಾತ್ರಕ್ಕೆ ನೀರು ಕಾಯಲ್ಲ

ಎರಡನೆಯದು ಸರದಿಯ ತೊಂದರೆ. ರೀಲಿಂಗ್ ಘಟಕದಲ್ಲಿ ನೀರು ಕಾಯದೆ ಗೂಡು ಹಾಕಿದರೆ ಎಳೆ ಬಿಚ್ಚುವುದಿಲ್ಲ. ಸರ್ವರ್‌ನಲ್ಲೂ ಅಷ್ಟೇ, ಡೇಟಾಬೇಸ್ ಸಿದ್ಧವಾಗದೆ ಬಿಲ್ಲಿಂಗ್ ನಡೆಯಲ್ಲ. 'ನೆಟ್‌ವರ್ಕ್ ಆದ ಮೇಲೆ' ಎಂದು ಬರೆದರೆ ಒಲೆ ಹಚ್ಚಿದಂತೆ. ನೀರು ಕಾಯುವವರೆಗೆ ತಡೆಯಬೇಕಾದರೆ 'ನೆಟ್‌ವರ್ಕ್ ಆನ್‌ಲೈನ್' ಎಂಬ ಬೇರೆ ಹೆಸರನ್ನೇ ಬರೆಯಬೇಕು. ಹಾಗೆಯೇ 'ಆಫ್ಟರ್' ಎಂಬುದು ಸರದಿಯನ್ನಷ್ಟೇ ಹೇಳುತ್ತದೆ. ಡೇಟಾಬೇಸ್ ಇರಲೇಬೇಕು ಎನ್ನಲು 'ರಿಕ್ವೈರ್ಸ್' ಎಂದೂ ಸೇರಿಸಬೇಕು.

ಐದು ಸಲ ಬಿದ್ದರೆ ಕೈಬಿಡುತ್ತೆ

ಬಿದ್ದ ಸರ್ವಿಸನ್ನು ಸಿಸ್ಟಮ್‌ಡಿ ತಾನಾಗಿ ಎಬ್ಬಿಸುವುದಿಲ್ಲ. 'ರಿಸ್ಟಾರ್ಟ್' ಎಂದು ಬರೆದಿರಬೇಕು. ಬರೆದರೂ, ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ಸೆಕೆಂಡಿನೊಳಗೆ 5 ಸಲ ಶುರುವಾಗಿ ಬಿದ್ದರೆ ಮತ್ತೆ ಪ್ರಯತ್ನಿಸುವುದಿಲ್ಲ. ಎರಡು ಪ್ರಯತ್ನಗಳ ನಡುವೆ ಅದು ಕಾಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. ಹಾಗಾಗಿ ಡೇಟಾಬೇಸ್ ಏಳುವಷ್ಟರಲ್ಲಿ ಐದೂ ಅವಕಾಶ ಮುಗಿದಿರುತ್ತದೆ. ಈ ಬಿಡುವನ್ನು 10 ಸೆಕೆಂಡಿಗೆ ಏರಿಸಿದರೆ ಈ ಮಿತಿ ಅಡ್ಡ ಬರುವುದಿಲ್ಲ.

ಬ್ಯಾಕಪ್‌ಗೆಂದು ಹಾಕಿದ ಯುಎಸ್‌ಬಿ ಡಿಸ್ಕನ್ನು ಕಿತ್ತಿಟ್ಟಿದ್ದರೂ ಸರ್ವರ್ ಅದಕ್ಕಾಗಿ 90 ಸೆಕೆಂಡ್ ಕಾದು, ಕೊನೆಗೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲಬಹುದು. ಡಿಸ್ಕ್ ಪಟ್ಟಿಯಲ್ಲಿ 'ನೋಫೇಲ್' ಎಂಬ ಒಂದು ಪದ ಸೇರಿಸಿದರೆ ಈ ಕಾಟ ತಪ್ಪುತ್ತದೆ.

ಕೆಲಸ ಮುಗೀತು ಅಂದಾಗ ಇಷ್ಟು ಕೇಳಿ

ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲೇ ಅಂಗಡಿ ಇರಲಿ, ಟೆಕ್ನಿಷಿಯನ್‌ಗೆ ದುಡ್ಡು ಕೊಡುವ ಮುಂಚೆ:

1. ಬಿಲ್ಲಿಂಗ್ ಸರ್ವಿಸ್ ಎನೇಬಲ್ ಆಗಿದೆಯಾ, ತೋರಿಸಿ.

2. ಬಿದ್ದರೆ ತಾನೇ ಏಳುತ್ತಾ? ಎಷ್ಟು ಸೆಕೆಂಡ್ ಬಿಟ್ಟು?

3. ಕರೆಂಟ್ ಬಂದ ತಕ್ಷಣ ಮಷೀನ್ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ ಸೆಟ್ ಮಾಡಿದ್ದೀರಾ?

4. ತೊಂದರೆ ಆದಾಗ ಕಾರಣ ನೋಡುವ 'ಜರ್ನಲ್' ಕಮಾಂಡ್ ಒಂದು ಚೀಟಿಯಲ್ಲಿ ಬರೆದುಕೊಡಿ.

ಆಮೇಲೆ ಬ್ಯಾಕಪ್ ತೆಗೆದು, ಅವರ ಎದುರಿಗೇ ಸರ್ವರ್ ರೀಬೂಟ್ ಮಾಡಿಸಿ. ಕೀಬೋರ್ಡ್ ಯಾರೂ ಮುಟ್ಟಬಾರದು. ಕೌಂಟರ್‌ನಲ್ಲಿ ಒಂದು ಬಿಲ್ ಪ್ರಿಂಟ್ ಆಗಿ ಹೊರಬಂದರೆ ಮಾತ್ರ ಕೆಲಸ ಮುಗಿದಂತೆ.