ಹಿತ್ತಾಳೆಯೊಳಗಿನ ನಾಗಸ್ವರ

ಮಂಗಳೂರು ಸೀಮೆಯ ದೇವಸ್ಥಾನಗಳಲ್ಲಿ ಉತ್ಸವದ ಬಲಿ ಹೊರಡುವ ಹೊತ್ತಿಗೆ ಅಂಗಣದಲ್ಲಿ ಡೋಲು ಗುಡುಗುತ್ತದೆ. ಅದರ ಪಕ್ಕದಲ್ಲೇ ಬಿಳಿ ಪಂಚೆಯ ವಾದ್ಯದವರು ಬಾಗಿದ ಕೊಳವೆಯ ಸ್ಯಾಕ್ಸೊಫೋನನ್ನು ಕೊರಳಿಗೆ ತೂಗಿಕೊಂಡು ಮೋಹನವನ್ನೋ ಹಿಂದೋಳವನ್ನೋ ನುಡಿಸುತ್ತಿರುತ್ತಾರೆ. ನಾಗಬನದಲ್ಲಿ, ದೈವದ ಕೋಲದಲ್ಲಿ, ಮದುವೆ ಮಂಟಪದಲ್ಲಿ ಕೂಡ ಈಗ ಅದೇ ದನಿ. ಇದು ಹೊರದೇಶದ ವಾದ್ಯ ಎಂದರೆ ಇಲ್ಲಿನ ಮಕ್ಕಳು ನಂಬಲಿಕ್ಕಿಲ್ಲ.

ಬೆಲ್ಜಿಯಂನ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ವಾದ್ಯ ಇದು. ಮೊದಲು ಸೇನೆಯ ಬ್ಯಾಂಡುಗಳಲ್ಲಿ, ಆಮೇಲೆ ಅಮೆರಿಕದ ಜಾಝ್ ಮಂದಿಯ ಕೈಯಲ್ಲಿ ಬೆಳೆದ ಈ ವಾದ್ಯ ತುಳುನಾಡಿನ ದೇವರ ಮುಂದೆ ಬಂದು ನಿಂತದ್ದರ ಹಿಂದೆ ಒಬ್ಬರ ಉಸಿರಿದೆ. ಅವರು ಕದ್ರಿ ಗೋಪಾಲನಾಥ್.

ಅರಮನೆ ಬ್ಯಾಂಡಿನ ಸೆಳೆತ

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೂ ಮೊದಲ ಪಾಠ ನಾಗಸ್ವರದ್ದೇ. ಆ ದಾರಿಯಲ್ಲೇ ನಡೆದಿದ್ದರೆ ಅವರೂ ಒಬ್ಬ ಒಳ್ಳೆಯ ನಾಗಸ್ವರದವರಾಗಿ ಊರ ದೇವಸ್ಥಾನಗಳಲ್ಲಿ ಸೇವೆ ಸಲ್ಲಿಸುತ್ತಿದ್ದರೇನೋ. ಆದರೆ ಮೈಸೂರಿನಲ್ಲಿ ಅರಮನೆ ಬ್ಯಾಂಡ್ ಕೇಳಿದ ಹುಡುಗನ ಮನಸ್ಸು ಅಲ್ಲಿನ ಸ್ಯಾಕ್ಸೊಫೋನಿಗೆ ಅಂಟಿಕೊಂಡಿತು. ಆ ದನಿಯ ತುಂಬುತನಕ್ಕೆ ಅವರು ಮರುಳಾದರು. ಕಲಿತರೆ ಇದನ್ನೇ ಕಲಿಯಬೇಕೆಂದು ನಿಶ್ಚಯಿಸಿದರು.

ನಿಶ್ಚಯ ಸುಲಭವಾಗಿತ್ತು, ಸಾಧನೆ ಸುಮಾರು ಇಪ್ಪತ್ತು ವರ್ಷ ತೆಗೆದುಕೊಂಡಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರು ಈ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಲು ಕಲಿಸಿದರು. ಮುಂದೆ ಮದರಾಸಿನಲ್ಲಿ ಮೃದಂಗ ಹಾಗೂ ಗಾಯನ ಎರಡರಲ್ಲೂ ಹೆಸರಾದ ಟಿ.ವಿ. ಗೋಪಾಲಕೃಷ್ಣನ್ ಅವರು ಈ ಯುವಕನಲ್ಲಿದ್ದ ಶಕ್ತಿಯನ್ನು ಗುರುತಿಸಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಮದರಾಸಿನ ಚೆಂಬೈ ಸ್ಮಾರಕ ಟ್ರಸ್ಟಿನ ವೇದಿಕೆಯಲ್ಲಿ ಅವರ ಮೊದಲ ಕಛೇರಿ ನಡೆಯಿತು.

ಗಮಕದ ಗೋಡೆ

ಇಷ್ಟು ವರ್ಷ ಏಕೆ ಬೇಕಾಯಿತೆಂದು ತಿಳಿಯಲು ಎರಡೂ ವಾದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಾಗಸ್ವರದಲ್ಲಿ ಬೆರಳಿಗೂ ಗಾಳಿಗೂ ನಡುವೆ ಏನೂ ಇಲ್ಲ. ಏಳು ರಂಧ್ರಗಳನ್ನು ಬೆರಳೇ ಮುಚ್ಚುತ್ತದೆ, ಬೇಕಾದಾಗ ಅರ್ಧ ತೆರೆಯುತ್ತದೆ, ಕಾಲು ತೆರೆಯುತ್ತದೆ. ಸ್ವರ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ, ತೂಗುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳು ಮುಟ್ಟುವುದು ಕೀಯನ್ನು. ಕೀ ಒತ್ತಿದರೆ ಸನ್ನೆಕಡ್ಡಿಗಳು ಚಲಿಸಿ, ಎಲ್ಲೋ ಇರುವ ರಂಧ್ರದ ಮೇಲೆ ಪ್ಯಾಡ್ ಬಂದು ಕೂರುತ್ತದೆ ಅಥವಾ ಏಳುತ್ತದೆ. ಪಾಶ್ಚಾತ್ಯ ಸಂಗೀತದ ನೇರ ಸ್ವರಗಳಿಗೆ ಅಳೆದು ಮಾಡಿದ ವ್ಯವಸ್ಥೆ ಅದು. ಅಲ್ಲಿ ಸ್ವರಗಳು ಮೆಟ್ಟಿಲುಗಳ ಹಾಗೆ ಬಿಡಿಬಿಡಿಯಾಗಿ ನಿಂತಿರುತ್ತವೆ.

ನಮ್ಮ ರಾಗಗಳಿಗೆ ಆ ಮೆಟ್ಟಿಲು ಸಾಲದು. ತೋಡಿಯ ಗಾಂಧಾರವನ್ನು ಅಲುಗಿಸದೆ ನೇರವಾಗಿ ನಿಲ್ಲಿಸಿದರೆ ಅದು ತೋಡಿಯೇ ಅಲ್ಲ. ರಾಗದ ಜೀವ ಇರುವುದು ಸ್ವರಗಳ ನಡುವಿನ ಓಡಾಟದಲ್ಲಿ, ಅಂದರೆ ಗಮಕದಲ್ಲಿ.

ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ಉಳಿದದ್ದನ್ನು ತುಟಿ, ದವಡೆ, ಉಸಿರುಗಳಿಂದ ಸಾಧಿಸಿದರು. ರೀಡ್ ಮೇಲಿನ ತುಟಿಯ ಹಿಡಿತವನ್ನು ಕೂದಲೆಳೆಯಷ್ಟು ಸಡಿಲಿಸುವುದು, ಮತ್ತೆ ಬಿಗಿಯುವುದು, ಅದಕ್ಕೆ ತಕ್ಕಂತೆ ಗಾಳಿಯ ಒತ್ತಡ ಬದಲಿಸುವುದು, ಹೀಗೆ ಕೀ ಕೊಡದ ಸ್ವರವನ್ನು ಬಾಯಿ ಕೊಡುವಂತೆ ಮಾಡಿದರು. ಅವರ ಆಲ್ಟೊ ಸ್ಯಾಕ್ಸೊಫೋನಿನ ಆಲಾಪನೆಯನ್ನು ಕಣ್ಣುಮುಚ್ಚಿ ಕೇಳಿದರೆ ಇದರ ಗುಟ್ಟು ಬಿಚ್ಚಿಕೊಳ್ಳುತ್ತದೆ. ನೀಳವಾದ ಹಿಡಿತ, ತುಂಬು ಗಾಳಿ, ಬಿರುಸಿನ ಸಂಗತಿಗಳು, ಮೇಲಿನ ಷಡ್ಜದಲ್ಲಿ ನಿಂತು ಊರಿಗೆಲ್ಲ ಕೇಳಿಸುವ ಧೈರ್ಯ ಇವೆಲ್ಲ ನಾಗಸ್ವರದವರ ಮನೆಯ ಆಸ್ತಿ. ತಂದೆ ಕಲಿಸಿದ್ದನ್ನು ಮಗ ಬಿಟ್ಟುಬಂದಿರಲಿಲ್ಲ. ಹಿತ್ತಾಳೆಯ ಕೊಳವೆಯೊಳಗೆ ಹೊತ್ತು ತಂದಿದ್ದರು.

ಕಡಲಾಚೆ

1980ರ ಬಾಂಬೆ ಜಾಝ್ ಉತ್ಸವ ಅವರ ಬದುಕಿನ ತಿರುವು. ಕ್ಯಾಲಿಫೋರ್ನಿಯಾದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ತಾನೂ ವೇದಿಕೆಗೆ ಬಂದು ಜೊತೆಗೆ ನುಡಿಸಬಹುದೇ ಎಂದು ಕೇಳಿದರು. ಜಾಝ್ ಮತ್ತು ರಾಗ ಅಂದು ಒಂದೇ ವಾದ್ಯದ ಎರಡು ಭಾಷೆಗಳಾಗಿ ಮಾತಾಡಿಕೊಂಡವು. ಆಮೇಲೆ ಪ್ರಾಗ್, ಬರ್ಲಿನ್, ಮೆಕ್ಸಿಕೊ, ಪ್ಯಾರಿಸ್‌ಗಳ ಉತ್ಸವಗಳು ಕರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಆ ಉತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರರು ಅವರು.

ಅದೇ ವರ್ಷ ತೆರೆಕಂಡ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ ಇವರನ್ನು ಇನ್ನೊಂದು ಲೋಕಕ್ಕೆ ಪರಿಚಯಿಸಿತು. ಕಥಾನಾಯಕನೇ ಸ್ಯಾಕ್ಸೊಫೋನ್ ವಾದಕ. ಎ.ಆರ್. ರೆಹಮಾನ್ ಸಂಗೀತದಲ್ಲಿ ಆ ಪಾತ್ರದ ಉಸಿರಾದವರು ಗೋಪಾಲನಾಥ್. ಅಲ್ಲಿ ಅವರು ನುಡಿಸಿದ ಕಲ್ಯಾಣವಸಂತ ರಾಗದ ಎಳೆ, ಕಛೇರಿಯ ಮೆಟ್ಟಿಲು ಹತ್ತದವರ ಕಿವಿಯಲ್ಲೂ ಉಳಿದುಬಿಟ್ಟಿತು.

ಅಮೆರಿಕದ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ ‘ಸದರ್ನ್ ಬ್ರದರ್ಸ್’ ಧ್ವನಿಮುದ್ರಿಕೆ ಬಂತು. ಹೆಸರಿನಲ್ಲೇ ಕನ್ನಡದ ಸುಳಿವಿರುವ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ವಿದ್ಯಾರ್ಥಿ ದಿನಗಳಲ್ಲಿ ಅಣ್ಣ ತಮಾಷೆಗೆಂದು ಗೋಪಾಲನಾಥರ ಒಂದು ಧ್ವನಿಮುದ್ರಿಕೆ ಕೊಟ್ಟಿದ್ದರಂತೆ. ಆ ತಮಾಷೆ ತಮ್ಮನಿಗೆ ದಾರಿಯಾಯಿತು. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದರು. ಅದರಲ್ಲಿ ಪಿಟೀಲು ನುಡಿಸಿದವರು ವಿದುಷಿ ಎ. ಕನ್ಯಾಕುಮಾರಿ. ದೇಶದಲ್ಲೂ ಹೊರಗೂ ಎಷ್ಟೋ ಕಛೇರಿಗಳಲ್ಲಿ ಗೋಪಾಲನಾಥರ ಪಕ್ಕ ಕುಳಿತ ಪಿಟೀಲು ಅದು.

ಇಷ್ಟೆಲ್ಲ ಬೆರೆತರೂ ಅವರು ಕರಗಿಹೋಗಲಿಲ್ಲ. ಜಾಝ್‌ನವರ ಜೊತೆ ನಿಂತಾಗಲೂ ರಾಗ ಬಿಟ್ಟು ಕದಲಲಿಲ್ಲ. ಅವರ ಬಹುಮುಖತೆಯ ಬುಡ ಅಲ್ಲಿದೆ. ಬೇರು ಆಳಕ್ಕೆ ಇಳಿದಿದ್ದರಿಂದಲೇ ಕೊಂಬೆ ಅಷ್ಟು ದೂರ ಚಾಚಿತು. 2004ರಲ್ಲಿ ಪದ್ಮಶ್ರೀ ಬಂತು, ಮಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಶೃಂಗೇರಿ ಶಾರದಾ ಪೀಠ ಆಸ್ಥಾನ ವಿದ್ವಾಂಸರೆಂದು ಗೌರವಿಸಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ, 69ನೇ ವಯಸ್ಸಿನಲ್ಲಿ ಆ ಉಸಿರು ನಿಂತಿತು.

ಉಳಿದ ಉಸಿರು

ಪಿಟೀಲು ನಮ್ಮದಾಗಿ ಇನ್ನೂರು ವರ್ಷ ಕಳೆದಿದೆ. ಎ.ಕೆ.ಸಿ. ನಟರಾಜನ್ ಅವರಿಂದ ಕ್ಲಾರಿಯೊನೆಟ್, ಯು. ಶ್ರೀನಿವಾಸ್ ಅವರಿಂದ ಮ್ಯಾಂಡೊಲಿನ್ ಕಛೇರಿಯ ಗೌರವ ಪಡೆದವು. ಆ ಸಾಲಿನಲ್ಲಿ ಸ್ಯಾಕ್ಸೊಫೋನಿಗೆ ಒಂದು ವಿಶೇಷವಿದೆ. ಅದು ಸಭಾಂಗಣ ಸೇರಿದ್ದಷ್ಟೇ ಅಲ್ಲದೆ ಕರಾವಳಿಯ ಅಂಗಣಕ್ಕೂ ಇಳಿಯಿತು, ವಾದ್ಯದವರ ಎಷ್ಟೋ ಮನೆಗಳಿಗೆ ಅನ್ನವಾಯಿತು. ಸೋದರಿಯರಾದ ಎಂ.ಎಸ್. ಲಾವಣ್ಯ, ಎಂ.ಎಸ್. ಸುಬ್ಬಲಕ್ಷ್ಮಿ ಅವರಂಥ ಶಿಷ್ಯೆಯರು ಇದು ಗಂಡಸರ ವಾದ್ಯವೆಂಬ ಮಾತನ್ನೂ ಅಳಿಸಿದರು.

ಆದರೆ ಇಂದಿನ ಜಾತ್ರೆಯ ಅಂಗಣದಲ್ಲಿ ನಿಂತಾಗ ಒಂದು ಯೋಚನೆ ಕಾಡುತ್ತದೆ. ಸ್ಯಾಕ್ಸೊಫೋನ್ ನಿಂತಿರುವ ಜಾಗ ಒಂದು ಕಾಲಕ್ಕೆ ತನಿಯಪ್ಪನವರಂಥವರ ನಾಗಸ್ವರದ್ದು. ಆ ದನಿ ಈಗ ಕರಾವಳಿಯಲ್ಲಿ ಅಪರೂಪವಾಗುತ್ತಿದೆ. ಸಿನಿಮಾ ಹಾಡಿನ ಧಾಟಿ ಕಲಿತು ತಂಡ ಸೇರುವ ಹುಡುಗರಿಗೆ ಕೀ ಒತ್ತುವುದು ಬೇಗ ಬರುತ್ತದೆ. ಕೀ ಕೊಡದ ಸ್ವರವನ್ನು ಉಸಿರಿನಿಂದ ತರುವುದು ಹಾಗೆ ಬರುವುದಿಲ್ಲ. ಗೋಪಾಲನಾಥರಿಗೆ ಅದು ಬಂದದ್ದು ಸ್ಯಾಕ್ಸೊಫೋನ್ ಮುಟ್ಟುವ ಮೊದಲೇ, ಮನೆಯಲ್ಲಿ. ಅವರನ್ನು ನೆನೆಯುವ ಸಂಗೀತ ಶಾಲೆಗಳು ಒಂದು ಕೆಲಸ ಮಾಡಬಹುದು. ಸ್ಯಾಕ್ಸೊಫೋನ್ ಕಲಿಯಲು ಬಂದ ಮಗುವಿನ ಕೈಗೆ ಮೊದಲ ಕೆಲವು ತಿಂಗಳು ನಾಗಸ್ವರ ಕೊಡಬಹುದು. ಸಜಿಪಮೂಡದ ಹುಡುಗ ಶುರು ಮಾಡಿದ್ದು ಅಲ್ಲಿಂದಲೇ.