ನಡೆಯುತ್ತಿರುವ ಹಿರಿಯರನ್ನು ಹಿಂದಿನಿಂದ ಕೂಗಬೇಡಿ

ಮನೆಯ ಹಿರಿಯರು ನಡೆದು ಹೋಗುತ್ತಿರುವಾಗ ಯಾರಾದರೂ ಮಾತಾಡಿಸಿದರೆ, ಅವರು ತಟ್ಟನೆ ನಿಂತು ಉತ್ತರ ಹೇಳಿ, ಆಮೇಲೆ ಮುಂದಿನ ಹೆಜ್ಜೆ ಇಡುವುದನ್ನು ಓದುಗ ಬಾಂಧವರು ಕಂಡಿರಬಹುದು. ಮುಪ್ಪಿನ ನಿಧಾನವೆಂದು ನಾವು ಇದನ್ನು ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಸ್ವೀಡನ್ ದೇಶದ ಸಂಶೋಧಕರು ಲೆಕ್ಕಕ್ಕೆ ತಂದುಕೊಂಡರು. 1997ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ವೃದ್ಧರ ವಸತಿಯ 58 ಮಂದಿಯಲ್ಲಿ 12 ಮಂದಿ ಮಾತು ಬಂದೊಡನೆ ನಡಿಗೆ ನಿಲ್ಲಿಸಿದರು. ಆ 12 ಮಂದಿಯಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದರು. ಮುಪ್ಪಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಪ್ರಾಯದಲ್ಲಿ ನಡಿಗೆ ಬಹುಮಟ್ಟಿಗೆ ತಾನಾಗಿ ಸಾಗುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ, ಬಾಯಲ್ಲಿ ಮಾತು, ಕಾಲು ಬದುವಿನ ಮೇಲೆ. ಮಿದುಳಿನ ಆಳದ ಭಾಗಗಳು, ಕಿರುಮಿದುಳು, ಬೆನ್ನುಹುರಿ ಸೇರಿ ಇದನ್ನು ನಡೆಸುತ್ತವೆ. ವಯಸ್ಸಾದಂತೆ ಕಣ್ಣು, ಅಂಗಾಲಿನ ಸ್ಪರ್ಶ, ಒಳಕಿವಿಯ ಸಮತೋಲ ಮಂದವಾಗುತ್ತವೆ. ಆಗ ಹಣೆಯ ಹಿಂದಿನ ಮಿದುಳು, ಅಂದರೆ ಯೋಚಿಸುವ, ಗಮನವಿಡುವ ಭಾಗ, ನಡಿಗೆಗೂ ನೆರವಾಗಬೇಕಾಗುತ್ತದೆ. ಒಂದು ಮಡಿಗೆ ಬಿಟ್ಟ ಕಾಲುವೆಯ ನೀರನ್ನು ಎರಡು ಮಡಿಗೆ ತಿರುಗಿಸಿದಂತೆ; ಎರಡಕ್ಕೂ ಸಾಲದು.

ಹಣೆಗೆ ಪಟ್ಟಿ ಕಟ್ಟಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸಿ, ನಡೆಯುತ್ತಿರುವಾಗಲೇ ಈ ಭಾಗದ ದುಡಿಮೆಯನ್ನು ಅಳೆಯುವ ಉಪಾಯ ಈಗ ಇದೆ. ಇಸ್ರೇಲಿನ ತಜ್ಞರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರೋಗ್ಯವಂತ ವೃದ್ಧರು ಲೆಕ್ಕ ಮಾಡುತ್ತ ನಡೆದಾಗ ಅಲ್ಲಿನ ದುಡಿಮೆ ಏರಿತು. ಪಾರ್ಕಿನ್‌ಸನ್ ರೋಗಿಗಳಲ್ಲಿ ಬರೀ ನಡಿಗೆಗೇ ಅದು ಏರಿಬಿಟ್ಟಿತ್ತು. ಲೆಕ್ಕ ಕೊಟ್ಟಾಗ ಮತ್ತೆ ಏರಲಿಲ್ಲ. ಉಳಿಕೆಯೆಲ್ಲ ಮೊದಲೇ ಖರ್ಚಾಗಿತ್ತು ಎಂದು ತಿಳಿಯಬಹುದು.

ಪಾರ್ಕಿನ್‌ಸನ್ ಕಾಯಿಲೆಯನ್ನು ನಮ್ಮ ಪಂಡಿತರು ಕಂಪವಾತ ಎನ್ನುತ್ತಾರೆ. 1817ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್‌ಸನ್ ಇದನ್ನು ವಿವರಿಸಿದರು. ಮಿದುಳಿನಲ್ಲಿ ಡೋಪಮೀನ್ ಎಂಬ ರಸವನ್ನು ತಯಾರಿಸುವ ಕಣಗಳು ನಶಿಸುವುದೇ ಇದರ ಮೂಲ. ಕೈನಡುಕ ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ಕೆಲವರಿಗೆ ನಡುಕವೇ ಇರದು. ಹೆಜ್ಜೆ ಸಣ್ಣದಾಗುವುದು, ಒಂದು ಕೈ ಬೀಸದಿರುವುದು, ಅಕ್ಷರ ಕಿರಿದಾಗುವುದು, ಇವನ್ನೂ ಗಮನಿಸಬೇಕು.

ನಮ್ಮ ಹಳ್ಳಿಗಳ ಹಿರಿಯರು ಗೋವಿಂದರಾಜನಗರದಲ್ಲಿರುವ ಮಕ್ಕಳ ಮನೆಗೆ ಹೋಗಿ ಬರುವುದುಂಟು. ಮಾಗಡಿ ರಸ್ತೆ ದಾಟುವಾಗ ಅವರ ಕೈಯಲ್ಲಿ ಚೀಲ, ಕಿವಿಯಲ್ಲಿ ಮೊಬೈಲು ಇರಬಾರದು. ಜೊತೆಯಲ್ಲಿರುವವರು ದಾಟಿದ ಮೇಲೆ ಮಾತಾಡಲಿ. ಮನೆಯಲ್ಲೂ ಹಾಗೆಯೇ: ಎದುರಿಗೆ ಬಂದು, ಅವರು ನಿಂತ ಮೇಲೆ ಮಾತಾಡಿಸಿ. ತುಂಬಿದ ಲೋಟ, ಕೊಡ ಕೊಡಬೇಡಿ. ಬಚ್ಚಲ ಪಾಚಿ ತೆಗೆಯಿರಿ, ರಾತ್ರಿ ದೀಪವಿರಲಿ. ಹೊಸಿಲ ಬಳಿ ಕಾಲು ನೆಲಕ್ಕೆ ಅಂಟಿದಂತಾದರೆ ಎಳೆಯಬೇಡಿ. ಅಲ್ಲಿ ಸುಣ್ಣದಲ್ಲಿ ಅಡ್ಡಗೆರೆಗಳನ್ನು ಬರೆದರೆ, ಗೆರೆ ದಾಟುವ ನೆಪದಲ್ಲಿ ಹೆಜ್ಜೆ ಎದ್ದು ಬರುವುದುಂಟು. ಬೀಳುವ ಭಯದಿಂದ ಅವರನ್ನು ಕೂರಿಸಿಯೇ ಇಡುವುದು ಇನ್ನೂ ಕೆಟ್ಟದ್ದು. ಕಾಲಿನ ಬಲ ಕುಗ್ಗುತ್ತದೆ.

ಹಸುರೆಲೆ ಗೊಬ್ಬರಕ್ಕೂ ಬರುವ ನಸುಗುನ್ನಿಯ ಬೀಜದಲ್ಲಿ ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪ ಇದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದರು. ಹಾಗೆಂದು ಬೀಜ ಅರೆದು ಕುಡಿಸಬಾರದು. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ವಾಂತಿ, ತಲೆಸುತ್ತು, ಭ್ರಮೆ ಉಂಟಾಗಬಹುದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಹೋಗುವಾಗ ಹಿರಿಯರು ಎಷ್ಟು ಸಲ ಬಿದ್ದರು, ಬೀಳುವಾಗ ಏನು ಮಾಡುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.